36–0 ಬಿಟ್ಟು ಆರ್ಬ್ರೋತ್ ಬಗ್ಗೆ ಮಾತಾಡೋಣ್ವಾ? (ಉದ್ದದ ಪೋಸ್ಟ್, ಟೈಮ್ ಇದ್ರೆ ಓದಿ)

ಮಿಡ್‌ಫೀಲ್ಡ್_ಮಂಜ
ಗುರು, ಯಾವ ಕ್ವಿಜ್‌ಗೆ ಹೋದ್ರೂ ಆರ್ಬ್ರೋತ್ ಫುಟ್‌ಬಾಲ್ ಕ್ಲಬ್ ಅಂದ್ರೆ ಒಂದೇ ಪ್ರಶ್ನೆ, ಒಂದೇ ಉತ್ತರ, ಒಂದು ಮ್ಯಾಚ್ 36–0 ಗೆದ್ದಿದ್ದು, ಮುಗೀತು. ಸ್ಕಾಟ್ಲೆಂಡ್‌ನ ಪೂರ್ವ ಕರಾವಳಿ, ಆಂಗಸ್ ಅನ್ನೋ ಕಡೆ, ಇಪ್ಪತ್ತೈದು ಸಾವಿರದ ಒಳಗೆ ಜನ ಇರೋ ಊರು. ಕ್ಲಬ್ ಶುರುವಾಗಿದ್ದು 1878ರಲ್ಲಿ, ಇವತ್ತಿಗೂ ಆಡ್ತಿದೆ, ಆದ್ರೆ ಪ್ರಪಂಚಕ್ಕೆ ಗೊತ್ತಿರೋದು 1885 ಸೆಪ್ಟೆಂಬರ್ 12ನೇ ತಾರೀಖು ಶನಿವಾರ ಮಧ್ಯಾಹ್ನ ಮಾತ್ರ. ನನ್ನ ಪ್ರಕಾರ ಆ ಕ್ಲಬ್ಬಿನ ನಿಜವಾದ ದೊಡ್ಡ ಸಾಧನೆ 2021–22ರ ಸೀಸನ್ನು, ಅದೂ ಏನೂ ಗೆಲ್ಲದೇ ಇದ್ದ ಸೀಸನ್ನು. ಹಗಲು ಬೇರೆ ಕೆಲ್ಸ ಮಾಡ್ಕೊಂಡು ವಾರಕ್ಕೆ ಎರಡು ಸಾಯಂಕಾಲ ಪ್ರಾಕ್ಟೀಸ್ ಮಾಡೋ ಹುಡುಗ್ರು, ಫುಲ್‌ಟೈಮ್ ಸಂಬಳದ ಟೀಮ್‌ಗಳ ಮಧ್ಯೆ ತಿಂಗಳುಗಟ್ಟಲೆ ಟೇಬಲ್ ಟಾಪ್‌ನಲ್ಲಿ ಕೂತಿದ್ರು. ಪ್ರೀಮಿಯರ್‌ಶಿಪ್‌ಗೆ, ಅಂದ್ರೆ ಸ್ಕಾಟ್ಲೆಂಡ್‌ನ ಟಾಪ್ ಡಿವಿಷನ್‌ಗೆ, ಒಂದೇ ಮೆಟ್ಲು ಬಾಕಿ ಇತ್ತು. ಇದನ್ನ ಯಾರೂ ಕ್ವಿಜ್‌ನಲ್ಲಿ ಕೇಳಲ್ಲ.

ಅದಕ್ಕೇ ಈ ಥ್ರೆಡ್. 36–0 ಬಗ್ಗೆ ಬರೀಬೇಡಿ ಅಂತ ಹೇಳಲ್ಲ, ಹೇಳಿದ್ರೂ ಕೇಳಲ್ಲ ನೀವು.

ಧಾರವಾಡ_ಡಿಫೆಂಡರ್
ಬರೀಬ್ಯಾಡ ಅಂದ್ಮ್ಯಾಲ ಅದನ್ನ ಮೊದಲ ಬರೀತೀವಿ ನೋಡ್ರಿ ಸಾಹೇಬ್ರ 😄 ಮೂವತ್ತಾರು ಗೋಲು ಅಂದ್ರ ಎರಡೂವರೆ ನಿಮಿಷಕ್ಕೊಂದು ಬಿತ್ತು. ಆ ಕಡೆ ಟೀಮಿನವ್ರು ಮನುಷ್ಯಾರೋ ಏನ್ ಕಂಬಗಳೋ? ಯಾರ್ ಅವ್ರು, ಹೆಂಗ್ ಬಂದ್ರು ಅಲ್ಲಿಗೆ, ಅದನ್ನರ ಹೇಳ್ರಿ ಯಾರರ.

ಲೆಕ್ಕದ_ಮೇಷ್ಟ್ರು
ನಾನು ಹೇಳ್ತೀನಿ. ಎದುರಾಳಿ ಅಬರ್ಡೀನ್‌ನ ಬಾನ್ ಅಕಾರ್ಡ್. ಸ್ಕಾಟಿಷ್ ಕಪ್ ಮೊದಲನೇ ರೌಂಡು. ಹಾಫ್‌ಟೈಮ್‌ಗೆ 15–0, ಎರಡನೇ ಅರ್ಧದಲ್ಲಿ ಇನ್ನೊಂದು 21. ಜಾಕಿ ಪೆಟ್ರಿ ಅನ್ನೋ ಹದಿನೆಂಟರ ಹುಡುಗ ಒಬ್ನೇ 13 ಹೊಡ್ದ. ರೆಫರಿ ಡಂಡೀಯ ಸ್ಟಾರ್ಮಂಟ್, ಇನ್ನೂ ಏಳು ಗೋಲು ಕ್ಯಾನ್ಸಲ್ ಮಾಡಿದ್ರಂತೆ, ಅಂದ್ರೆ 43 ಆಗ್ಬೇಕಿತ್ತು. ಆರ್ಬ್ರೋತ್ ಗೋಲಿ ಜಿಮ್ ಮಿಲ್ನ್‌ಗೆ ಮುಟ್ಟೋಕೆ ಬಾಲೇ ಸಿಗ್ದೆ, ಮಳೆ ಬೇರೆ, ಪ್ರೇಕ್ಷಕರೊಬ್ಬರ ಛತ್ರಿ ಕೆಳಗೆ ನಿಂತ್ಕೊಂಡಿದ್ದ ಅಂತ ಕಥೆ. ಬಾನ್ ಅಕಾರ್ಡ್ ಗೋಲಿಗೆ ನಿಂತವನು ಅಸಲಿಗೆ ಗೋಲಿನೇ ಅಲ್ಲ, ಹಾಫ್‌ಬ್ಯಾಕ್ ಆಡೋ ಲಾರ್ನಿ ಅನ್ನೋನು, ಪಾಪ.

ಈಗಿನ ಆಟ ತಲೇಲಿಟ್ಕೊಂಡು ಆ ಸ್ಕೋರ್ ನೋಡ್ಬೇಡಿ. ಆಗ ಕಪ್‌ಗೆ ಅಸೋಸಿಯೇಷನ್ ಮೆಂಬರ್ ಆಗಿರೋ ಯಾವ ಕ್ಲಬ್ ಬೇಕಾದ್ರೂ ಎಂಟ್ರಿ ಹಾಕ್ಬಹುದಿತ್ತು, ಅರ್ಹತಾ ಸುತ್ತು ಗಿತ್ತು ಇಲ್ಲ, ಹತ್ತಿರದ ಊರುಗಳನ್ನ ಸೇರಿಸಿ ಡ್ರಾ ತೆಗೀತಿದ್ರು. ಸಬ್‌ಸ್ಟಿಟ್ಯೂಟ್ ಇಲ್ಲ. ಪೆನಾಲ್ಟಿ ಕಿಕ್ ಬಂದಿದ್ದೇ 1891ರಲ್ಲಿ. ಗೋಲ್‌ಪೋಸ್ಟ್‌ಗೆ ಬಲೆನೂ ಇರ್ಲಿಲ್ಲ, ಬಲೆಗೆ ಪೇಟೆಂಟ್ ತಗೊಂಡಿದ್ದು ಲಿವರ್‌ಪೂಲ್‌ನ ಇಂಜಿನಿಯರ್ ಬ್ರಾಡಿ, 1890ರ ಸುಮಾರಿಗೆ. ಹಂಗಾಗಿ ಪ್ರತಿ ಗೋಲಾದ್ಮೇಲೂ ಬಾಲ್ ಎಲ್ಲಿಗೋ ಹೋಗಿರುತ್ತೆ, ಯಾರಾದ್ರೂ ಓಡಿ ತರ್ಬೇಕು, ತಂದು ಮತ್ತೆ ಸೆಂಟರ್‌ನಲ್ಲಿಡ್ಬೇಕು. ಅಷ್ಟು ಟೈಮ್ ಕಳೆದೂ 36. ಡಿಫೆಂಡರ್ ಅವರೇ, ನಿಮ್ಮ ಎರಡೂವರೆ ನಿಮಿಷದ ಲೆಕ್ಕ ಸರಿ, ಆದ್ರೆ ಆಟ ನಡೆದ ನಿಮಿಷ ಮಾತ್ರ ಹಿಡಿದ್ರೆ ಇನ್ನೂ ಕಮ್ಮಿ.

ಧಾರವಾಡ_ಡಿಫೆಂಡರ್
ಯಪ್ಪಾ. ಮತ್ತ ಅದು ಕ್ರಿಕೆಟ್ ಟೀಮು, ತಪ್ಪಿ ಫುಟ್‌ಬಾಲಿಗೆ ಕರದ್ರು ಅಂತ ಎಲ್ಲೋ ಓದಿದ್ನಲ್ರಿ?

ಲೆಕ್ಕದ_ಮೇಷ್ಟ್ರು
ಆ ಕಥೆ ಎಲ್ಲಾ ಕಡೆ ಓಡಾಡುತ್ತೆ. ಒರಾಯನ್ ಅಂತ ಅಬರ್ಡೀನ್‌ನಲ್ಲಿ ಫುಟ್‌ಬಾಲ್ ಕ್ಲಬ್ಬೂ ಇತ್ತು, ಅದೇ ಹೆಸರಿನ ಕ್ರಿಕೆಟ್ ಕ್ಲಬ್ಬೂ ಇತ್ತು, ಕಾಗದ ತಪ್ಪಿ ಕ್ರಿಕೆಟ್‌ನೋರಿಗೆ ಹೋಯ್ತು, ಅವರು ಬಾನ್ ಅಕಾರ್ಡ್ ಅಂತ ಹೆಸರು ಬದಲಾಯಿಸ್ಕೊಂಡು ಬಂದ್ರು ಅಂತ. ಕೇಳೋಕೆ ಚೆನ್ನಾಗಿದೆ, ಅದಕ್ಕೇ ಉಳ್ಕೊಂಡಿದೆ. ನಾನಂತೂ ಅದನ್ನ ಇತಿಹಾಸ ಅಂತ ಬರೆಯಲ್ಲ. ಸೋತವರಿಗೆ ಒಂದು ನೆಪ ಬೇಕು, ಗೆದ್ದವರಿಗೆ ಒಂದು ಜೋಕ್ ಬೇಕು, ಇಬ್ರಿಗೂ ಅನುಕೂಲ.

ಅದಕ್ಕಿಂತ ಒಳ್ಳೇದು ಅದೇ ದಿನ ನಡೆದ ಇನ್ನೊಂದು ಮ್ಯಾಚು. ಪಕ್ಕದ ಡಂಡೀಯಲ್ಲಿ ಡಂಡೀ ಹಾರ್ಪ್ ಅನ್ನೋ ಟೀಮು ಅಬರ್ಡೀನ್ ರೋವರ್ಸ್‌ಗೆ 35 ಹೊಡೀತು. ರೆಫರಿ ಬುಕ್ಕಲ್ಲಿ 37 ಇತ್ತಂತೆ, ಹಾರ್ಪ್ ಸೆಕ್ರೆಟರಿನೇ ಇಲ್ಲ ಸಾರ್ ನಮ್ಮ ಲೆಕ್ಕದಲ್ಲಿ 35 ಅಂತ ಪ್ರಾಮಾಣಿಕವಾಗಿ ಹೇಳಿ ಕಮ್ಮಿ ಮಾಡಿಸಿದ್ರು. ಹಾರ್ಪ್‌ನಲ್ಲಿ ಮುಂಚೆ ಆರ್ಬ್ರೋತ್‌ಗೆ ಆಡಿದ್ದ ಒಬ್ಬ ಇದ್ದ, ಅವ್ನು ಹಳೇ ಗೆಳೆಯರಿಗೆ ಟೆಲಿಗ್ರಾಂ ಹೊಡ್ದ, ನೋಡ್ರೋ ನಾವು 35 ಹಾಕಿದ್ವಿ ಅಂತ. ವಾಪಸ್ 36 ಅಂತ ಟೆಲಿಗ್ರಾಂ ಬಂದಾಗ ಇವರು ತಮಾಷೆ ಮಾಡ್ತಿದಾರೆ ಅಂದ್ಕೊಂಡ್ರಂತೆ. ಸೆಕ್ರೆಟರಿ ಬಾಯಿ ಮುಚ್ಕೊಂಡಿದ್ರೆ ಇವತ್ತು ಕ್ವಿಜ್‌ನಲ್ಲಿ ಹಾರ್ಪ್ ಹೆಸರು ಇರ್ತಿತ್ತು.

ಸುಮ್ನೆ_ಓದೋನು
ಸತ್ಯ ಹೇಳಿ ಕೆಟ್ಟ 😂😂

ಡಂಡೀ_ಕನ್ನಡತಿ
ಹಾರ್ಪ್ ಹೆಸರು ಇಲ್ಲಿ ನೋಡಿ ಖುಷಿ ಆಯ್ತು, ನಾನಿರೋದು ಡಂಡೀಲೇ. ಅದು ಐರಿಷ್ ಜನರ ಕ್ಲಬ್. ಇಲ್ಲಿನ ಸೆಣಬಿನ ಮಿಲ್‌ಗಳಲ್ಲಿ ಕೆಲ್ಸ ಮಾಡೋಕೆ ಐರ್ಲೆಂಡ್‌ನಿಂದ ಸಾವಿರಾರು ಜನ ಬಂದಿದ್ರು, ಸೆಣಬು ಬರ್ತಿದ್ದಿದ್ದು ಬಂಗಾಳದಿಂದ. ಹಾರ್ಪ್ 1890ರ ದಶಕದಲ್ಲೇ ಮುಚ್ಚೋಯ್ತು, ಆಮೇಲೆ 1909ರಲ್ಲಿ ಡಂಡೀ ಹಿಬರ್ನಿಯನ್ ಬಂತು, ಅದೇ 1923ರಲ್ಲಿ ಹೆಸರು ಬದಲಾಯಿಸ್ಕೊಂಡು ಡಂಡೀ ಯುನೈಟೆಡ್ ಆಗಿದ್ದು. ಆರ್ಬ್ರೋತ್ ಮಾತ್ರ ಅದೇ ಹೆಸರು, ಅದೇ ಮರೂನ್ ಬಣ್ಣ, ಅದೇ ಗೇಫೀಲ್ಡ್.

ಮಂಜ ಅವರೇ, ಗೇಫೀಲ್ಡ್ ಬಗ್ಗೆ ಒಂದು ಮಾತೂ ಬರ್ದಿಲ್ಲ ನೀವು, ಅದನ್ನ ಬಿಟ್ಟು ಆ ಕ್ಲಬ್ ಬಗ್ಗೆ ಹೆಂಗ್ ಮಾತಾಡ್ತೀರಾ? 1880ರಿಂದ ಅಲ್ಲೇ ಆಡ್ತಿದಾರೆ, 1925ರಲ್ಲಿ ಪಿಚ್‌ನ ಸ್ವಲ್ಪ ಆಚೆ ಸರಿಸಿ ಈಗಿರೋ ಗ್ರೌಂಡ್ ಮಾಡಿದ್ರು ಅಷ್ಟೇ. ಯೂರೋಪಲ್ಲೇ ಸಮುದ್ರಕ್ಕೆ ಅತಿ ಹತ್ತಿರದ ಫುಟ್‌ಬಾಲ್ ಗ್ರೌಂಡ್ ಅಂತ ಅವರ ಹೆಮ್ಮೆ. ಒಂದು ಗೋಡೆ, ಗೋಡೆ ಆಚೆ ಉತ್ತರ ಸಮುದ್ರ. ಅಲೆ ಜೋರಾಗಿದ್ರೆ ನೀರು ಗೋಡೆ ಹಾರಿ ನಿಂತಿರೋರ ಮೇಲೆ ಬೀಳುತ್ತೆ, ಪೈ ತಿಂತಿದ್ರೆ ಉಪ್ಪು ಎಕ್ಸ್‌ಟ್ರಾ.

ಸೋಮೇಶ್ವರ_ಸ್ಟ್ರೈಕರ್
ಗಾಳಿಗೆ ಆಡುವುದು ಹೇಗೆ ಮಾರಾಯ್ರೆ ಅಲ್ಲಿ? ನಮ್ಮಲ್ಲಿ ಬೀಚ್ ಬದಿ ಮಳೆಗಾಲದಲ್ಲಿ ಬಾಲ್ ಒದ್ದರೆ ಕೊಡೆ ಹಾರಿದ ಹಾಗೆ ಎಲ್ಲಿಗೋ ಹೋಗ್ತದೆ, ಅಂಥದ್ದರಲ್ಲಿ ಲೀಗ್ ಮ್ಯಾಚ್ ಆಡಿಸ್ತಾರಾ?

ಡಂಡೀ_ಕನ್ನಡತಿ
ಆಡಿಸ್ತಾರೆ! ನಾನು ನೋಡಿದ ಒಂದು ಮ್ಯಾಚಲ್ಲಿ ಎದುರು ಟೀಮ್ ಗೋಲಿ ಗೋಲ್‌ಕಿಕ್ ತಗೊಂಡ, ಮೇಲಕ್ಕೆ ಹೋಯ್ತು, ಮೇಲೆ ಒಂದು ಕ್ಷಣ ನಿಂತ ಹಂಗಾಯ್ತು, ಆಮೇಲೆ ವಾಪಸ್ ಅವನ ಪೆನಾಲ್ಟಿ ಏರಿಯಾಗೇ ಬರೋಕೆ ಶುರು, ಅವ್ನೇ ಓಡಿ ಬಂದು ಹೆಡ್ ಮಾಡೋಕೆ ನೋಡ್ತಿದ್ದ. ಸುತ್ತ ನಿಂತಿದ್ದ ಅಜ್ಜಂದಿರಿಗೆ ಏನೂ ಅನ್ನಿಸಲೇ ಇಲ್ಲ, ಟೋಪಿ ಕೈಲಿ ಹಿಡ್ಕೊಂಡು ಮಾತಾಡ್ತಾ ಇದ್ರು. ಅಲ್ಲಿನ ಟೀಮ್‌ಗೆ ಅದು ಅಭ್ಯಾಸ, ಗಾಳಿ ಯಾವ ಕಡೆ ಅಂತ ನೋಡಿನೇ ಟಾಸ್ ಗೆದ್ದೋರು ಎಂಡ್ ಆರಿಸ್ತಾರೆ, ಗಾಳಿ ಎದುರಿದ್ದಾಗ ನೆಲದ ಮೇಲೇ ಪಾಸ್ ಮಾಡ್ತಾರೆ. 2017ರಿಂದ ಆರ್ಟಿಫಿಶಿಯಲ್ ಪಿಚ್ ಹಾಕಿದಾರೆ. ಇನ್ನೊಂದು ಮಜಾ ಅಂದ್ರೆ ಮೂರು ಕಡೆ ನಿಂತು ನೋಡೋ ಜಾಗ, ಹಾಫ್‌ಟೈಮ್ ಆದ್ಮೇಲೆ ಜನ ಎದ್ದು ಇನ್ನೊಂದು ಗೋಲ್ ಹಿಂದಕ್ಕೆ ನಡ್ಕೊಂಡು ಹೋಗ್ತಾರೆ, ನಮ್ಮೋರು ಯಾವ ಕಡೆ ಅಟ್ಯಾಕ್ ಮಾಡ್ತಾರೋ ಆ ಕಡೆಗೆ.

ಟೀಮಿನ ಅಡ್ಡಹೆಸರು ರೆಡ್ ಲಿಕ್ಟೀಸ್, ಬಂದರಿನಲ್ಲಿ ಮೀನಿನ ದೋಣಿಗಳಿಗೆ ದಾರಿ ತೋರಿಸ್ತಿದ್ದ ಕೆಂಪು ದೀಪದಿಂದ ಬಂದಿದ್ದು. ಊರಿಡೀ ಸಮುದ್ರದ್ದೇ ವಿಷ್ಯ. ಎದುರಿಗೆ ಸಮುದ್ರದ ಮಧ್ಯ ಬೆಲ್ ರಾಕ್ ಲೈಟ್‌ಹೌಸು, 1811ರಲ್ಲಿ ಮೊದಲ ಸಲ ಹೊತ್ತಿಸಿದ್ದು, ರಾಬರ್ಟ್ ಸ್ಟೀವನ್‌ಸನ್ ಕಟ್ಟಿದ್ದು. ಲೈಟ್‌ಹೌಸ್ ಕಾಯೋನ ಹೆಂಡ್ತಿಗೆ ಮಗು ಆದ್ರೆ ಊರಿನ ಸಿಗ್ನಲ್ ಟವರ್ ಕಂಬಕ್ಕೆ ಗಂಡಾದ್ರೆ ಪ್ಯಾಂಟು ಹೆಣ್ಣಾದ್ರೆ ಲಂಗ ಏರಿಸ್ತಿದ್ರಂತೆ, ಅಲ್ಲಿಂದ ದುರ್ಬೀನಲ್ಲಿ ನೋಡಿ ತಿಳ್ಕೊಳ್ತಿದ್ದ. ಫುಟ್‌ಬಾಲ್‌ಗೂ ಇದಕ್ಕೂ ಸಂಬಂಧ ಇಲ್ಲ, ಸುಮ್ನೆ ಹೇಳ್ದೆ.

ಸೋಮೇಶ್ವರ_ಸ್ಟ್ರೈಕರ್
ಅಕ್ಕಾ ಅಲ್ಲಿ ಮೀನು ಎಂತದು? ಸ್ಮೋಕಿ ಅಂತ ಕೇಳಿದ್ದೇನೆ

ಡಂಡೀ_ಕನ್ನಡತಿ
ಹ್ಯಾಡಕ್ ಮೀನು. ಎರಡೆರಡು ಮೀನಿಗೆ ಬಾಲದ ಹತ್ರ ಸೆಣಬಿನ ದಾರ ಕಟ್ಟಿ ಜೋಡಿ ಮಾಡಿ ಕೋಲಿಗೆ ನೇತಾಕ್ತಾರೆ, ಕೆಳಗೆ ಗಟ್ಟಿ ಸೌದೆ ಬೆಂಕಿ, ಮೇಲೆ ಒದ್ದೆ ಗೋಣಿ ಮುಚ್ತಾರೆ, ಹೊಗೆ ಬಿಸಿ ಎರಡರಲ್ಲೂ ಬೇಯುತ್ತೆ. ಮೂಲ ಪಕ್ಕದ ಆಕ್ಮಿಥಿ ಅನ್ನೋ ಹಳ್ಳಿದು. 2004ರಿಂದ ಆ ಹೆಸರಿಗೆ ಯೂರೋಪಿಯನ್ ಯೂನಿಯನ್ ರಕ್ಷಣೆನೂ ಸಿಕ್ತು, ಬೇರೆ ಊರಲ್ಲಿ ಮಾಡಿ ಆರ್ಬ್ರೋತ್ ಸ್ಮೋಕಿ ಅಂತ ಮಾರೋ ಹಂಗಿಲ್ಲ. ನೀವು ಕರಾವಳಿಯೋರು, ಖಾರ ಇಲ್ಲ ಅಂತ ಬೈತೀರಾ, ಆದ್ರೆ ಬಿಸಿಬಿಸಿ ಇದ್ದಾಗ ಪೇಪರಲ್ಲಿ ಸುತ್ತಿಸ್ಕೊಂಡು ಕೈಲೇ ಬಿಡಿಸಿ ತಿನ್ನಿ ಒಂದ್ಸಲ.

ಮಿಡ್‌ಫೀಲ್ಡ್_ಮಂಜ
ಥ್ರೆಡ್ ಮೀನಿನ ಮಾರ್ಕೆಟ್‌ಗೆ ಹೋಯ್ತು, ವಾಪಸ್ ಬರ್ರಪ್ಪಾ 😅

ಲೀಗ್ ಕಡೆ ಬರ್ತೀನಿ. ಆರ್ಬ್ರೋತ್ ಸ್ಕಾಟಿಷ್ ಲೀಗ್‌ಗೆ ಸೇರಿದ್ದು 1921ರಲ್ಲಿ, ಎರಡನೇ ದರ್ಜೆಗೆ. 1935ರಲ್ಲಿ ಮೇಲಕ್ಕೆ ಹೋದ್ರು, ಯುದ್ಧ ಶುರುವಾಗೋವರ್ಗೂ ಟಾಪ್ ಡಿವಿಷನ್ನಲ್ಲೇ ಇದ್ರು. 1947ರಲ್ಲಿ ಸ್ಕಾಟಿಷ್ ಕಪ್ ಸೆಮಿಫೈನಲ್, ಕಪ್‌ನಲ್ಲಿ ಅವರ ಅತಿ ದೊಡ್ಡ ಓಟ ಅದೇ, ಅಬರ್ಡೀನ್ ಹತ್ರ 2–0 ಸೋತ್ರು. ಆ ವರ್ಷ ಕಪ್ ಗೆದ್ದಿದ್ದೂ ಅಬರ್ಡೀನೇ. ಬಾನ್ ಅಕಾರ್ಡ್ ಅಂದ್ರೆ ಅಬರ್ಡೀನ್ ಊರಿನ ಧ್ಯೇಯವಾಕ್ಯ ಅಂತ ಗೊತ್ತಿರೋರಿಗೆ ಇಲ್ಲಿ ನಗು ಬರುತ್ತೆ, 62 ವರ್ಷ ಆದ್ಮೇಲೆ ಊರು ಸೇಡು ತೀರಿಸ್ಕೊಳ್ತು.

ಆಮೇಲೆ ಆಲ್ಬರ್ಟ್ ಹೆಂಡರ್ಸನ್ ಅನ್ನೋ ಮ್ಯಾನೇಜರ್ 1962ರಿಂದ 1980ರವರೆಗೆ, ಹದಿನೆಂಟು ವರ್ಷ ಒಂದೇ ಕುರ್ಚಿ! ಈಗ ಹದಿನೆಂಟು ವಾರ ಇರೋದು ಕಷ್ಟ. ಅವರ ಕಾಲದಲ್ಲಿ 1968ರಲ್ಲೊಮ್ಮೆ 1972ರಲ್ಲೊಮ್ಮೆ ಪ್ರಮೋಷನ್, 72ರಿಂದ 75ರವರೆಗೆ ಸೆಲ್ಟಿಕ್ ರೇಂಜರ್ಸ್‌ನಂಥ ದೊಡ್ಡ ಕ್ಲಬ್‌ಗಳ ಜೊತೆ ಒಂದೇ ಡಿವಿಷನ್. 1974ರ ಫೆಬ್ರವರೀಲಿ ಐಬ್ರಾಕ್ಸ್‌ಗೆ ಹೋಗಿ ರೇಂಜರ್ಸ್‌ನ 3–2 ಸೋಲಿಸಿ ಬಂದ್ರು, ಅವರ ಮನೇಲೇ! 1975ರಲ್ಲಿ ಕೊನೇ ಸ್ಥಾನ, ಅದೇ ವರ್ಷ ಲೀಗನ್ನೇ ಒಡೆದು ಹತ್ತು ಟೀಮಿನ ಪ್ರೀಮಿಯರ್ ಡಿವಿಷನ್ ಮಾಡಿದ್ರು, ಸಣ್ಣೂರಿನ ಕ್ಲಬ್‌ಗಳಿಗೆ ಬಾಗಿಲು ಹೆಚ್ಚುಕಮ್ಮಿ ಹಾಕಿದ ಹಾಗೇ. ಅಲ್ಲಿಂದ ಇವತ್ತಿನವರೆಗೆ ಆರ್ಬ್ರೋತ್ ಟಾಪ್ ಡಿವಿಷನ್ ಮುಖ ನೋಡಿಲ್ಲ.

ಲೆಕ್ಕದ_ಮೇಷ್ಟ್ರು
ರೇಂಜರ್ಸ್ ವಿಷಯ ತೆಗೆದಿದ್ದಕ್ಕೆ ಇದನ್ನ ಸೇರಿಸ್ಲೇಬೇಕು. 36–0ಗಿಂತ ಒಂದು ವರ್ಷ ಮುಂಚೆ, 1884ರ ಕಪ್‌ನಲ್ಲಿ ಆರ್ಬ್ರೋತ್ ಗೇಫೀಲ್ಡ್‌ನಲ್ಲಿ ರೇಂಜರ್ಸ್‌ನ 4–3 ಸೋಲಿಸಿತ್ತು. ರೇಂಜರ್ಸ್‌ನೋರು ಮನೆಗೆ ಟೆಲಿಗ್ರಾಂ ಕಳಿಸಿದ್ರು, ಮನೆ ಹಿತ್ತಲಲ್ಲಿ ಆಡಿ ಸೋತ್ವಿ ಅನ್ನೋ ಧಾಟೀಲಿ. ಆಮೇಲೆ ಟೇಪ್ ಹಿಡಿದು ಅಳೆದ್ರು. ನಿಯಮದ ಪ್ರಕಾರ ಅಗಲ ಕನಿಷ್ಠ 50 ಗಜ ಇರ್ಬೇಕು, ಇವರದ್ದು 11 ಇಂಚು ಕಮ್ಮಿ. ಹನ್ನೊಂದು ಇಂಚು! ದೂರು ಕೊಟ್ರು, ಮ್ಯಾಚ್ ರದ್ದಾಯ್ತು, ಮತ್ತೆ ಆಡಿಸಿದ್ರು, ರೇಂಜರ್ಸ್ 8–1 ಗೆಲ್ತು. ನನ್ನ ಕೇಳಿದ್ರೆ 36–0ಗಿಂತ ದೊಡ್ಡ ರಿಸಲ್ಟ್ ಆ 4–3, ದಾಖಲೆ ಪುಸ್ತಕದಲ್ಲಿ ಮಾತ್ರ ಇಲ್ಲ.

ಧಾರವಾಡ_ಡಿಫೆಂಡರ್
ಸೋತ ಮ್ಯಾಗ ಟೇಪ್ ಹಿಡಕೊಂಡು ಬರೋದು ಎಲ್ಲಾ ಊರಾಗೂ ಐತಿ ಬಿಡ್ರಿ. ಗೆದ್ದಿದ್ರ ಅಳೀತಿದ್ರೇನು?

ಸುಮ್ನೆ_ಓದೋನು
ಒಂದು ಡೌಟು. 36–0 ಈಗಲೂ ವಿಶ್ವ ದಾಖಲೆನಾ? 149–0 ಅಂತ ಒಂದು ಇದೆಯಲ್ಲ

ಲೆಕ್ಕದ_ಮೇಷ್ಟ್ರು
ಅದು 2002, ಮಡಗಾಸ್ಕರ್. ಎಎಸ್ ಅಡೇಮಾ ಗೆದ್ದಿದ್ದು, ಆದ್ರೆ 149 ಗೋಲೂ ಸೋತ ಟೀಮೇ ತನ್ನ ಗೋಲ್‌ಗೇ ಹಾಕ್ಕೊಂಡಿದ್ದು, ಹಿಂದಿನ ಮ್ಯಾಚಲ್ಲಿ ರೆಫರಿ ಕೊಟ್ಟ ತೀರ್ಪಿಗೆ ಪ್ರತಿಭಟನೆ. ಗೆದ್ದ ಟೀಮಿನೋರು ಸುಮ್ನೆ ನಿಂತು ನೋಡ್ತಿದ್ರು. ಪುಸ್ತಕದಲ್ಲಿ ಅದೇ ಮೇಲಿದೆ. ಆಡಿ ಹೊಡೆದಿದ್ದು ಅಂದ್ರೆ ನಾನು ಆರ್ಬ್ರೋತ್ ಅಂತಲೇ ಹೇಳೋದು. ಪೆಟ್ರಿಯ 13 ಗೋಲನ್ನ 2001ರಲ್ಲಿ ಆಸ್ಟ್ರೇಲಿಯಾದ ಆರ್ಚಿ ಥಾಂಪ್ಸನ್ ಸರಿಗಟ್ಟಿದ, ಅಮೆರಿಕನ್ ಸಮೋವಾ ಮೇಲೆ 31–0 ಆದ ಮ್ಯಾಚಲ್ಲಿ.

ಮಿಡ್‌ಫೀಲ್ಡ್_ಮಂಜ
ಈಗ ನನ್ನ ಪಾಯಿಂಟು. 1878ರಲ್ಲಿ ಹುಟ್ಟಿದ ಕ್ಲಬ್ಬು ಮೊದಲ ಲೀಗ್ ಟ್ರೋಫಿ ಎತ್ತಿದ್ದು ಯಾವಾಗ ಗೊತ್ತಾ? 2011! ಪಾಲ್ ಶೀರಿನ್ ಮ್ಯಾನೇಜರ್, ಥರ್ಡ್ ಡಿವಿಷನ್, ಅಂದ್ರೆ ನಾಲ್ಕನೇ ದರ್ಜೆ. 133 ವರ್ಷ ಕಾದಿದ್ದು ನಾಲ್ಕನೇ ದರ್ಜೆಯ ಒಂದು ಟ್ರೋಫಿಗೆ. ಮಧ್ಯದಲ್ಲಿ ಸೆಲ್ಟಿಕ್‌ನ ದೊಡ್ಡ ಹೆಸರು ಡ್ಯಾನಿ ಮೆಕ್‌ಗ್ರೇನ್ 1992ರಿಂದ ಎರಡು ವರ್ಷ ಮ್ಯಾನೇಜರ್ ಆಗಿದ್ರು, ಅವರ ಗಡ್ಡ ಫೇಮಸ್ಸು, ಜನ ಸುಳ್ಳು ಗಡ್ಡ ಕಟ್ಕೊಂಡು ಮ್ಯಾಚಿಗೆ ಬರ್ತಿದ್ರು. ಗೆದ್ರೆ ಮಾತ್ರ ಬರ್ತೀವಿ ಅನ್ನೋ ಜನ ಆಗಿದ್ರೆ ಈ ಕ್ಲಬ್ 1900ಕ್ಕೇ ಮುಚ್ಚಬೇಕಿತ್ತು.

2016ರಲ್ಲಿ ಡಿಕ್ ಕ್ಯಾಂಬೆಲ್ ಬಂದ್ರು. ಫೈಫ್ ಕಡೆಯ ಮನುಷ್ಯ, ಅರವತ್ತು ದಾಟಿತ್ತು, ತಲೆ ಮೇಲೆ ಯಾವಾಗ್ಲೂ ಚಪ್ಪಟೆ ಟೋಪಿ, ಪಕ್ಕದಲ್ಲಿ ಅಸಿಸ್ಟೆಂಟ್ ಆಗಿ ಅವಳಿ ತಮ್ಮ ಇಯಾನ್. ಅದಕ್ಕೂ ಮುಂಚೆ ವರ್ಷಗಟ್ಟಲೆ ಪಕ್ಕದೂರು ಫಾರ್ಫರ್‌ನಲ್ಲಿದ್ರು, ಅಲ್ಲಿಂದ ಹೊರಬಿದ್ದಿದ್ರು. ಮುಂದಿನ ಸೀಸನ್ನಲ್ಲೇ ಅದೇ ಫಾರ್ಫರ್‌ನ ಹಿಂದಕ್ಕೆ ಹಾಕಿ ಲೀಗ್ ಟೂ, ಅಂದ್ರೆ ನಾಲ್ಕನೇ ದರ್ಜೆ, ಗೆದ್ರು. 2019ರಲ್ಲಿ ಮೂರನೇ ದರ್ಜೆಯ ಲೀಗ್ ಒನ್ ಗೆದ್ರು. ಆಮೇಲೆ ಚಾಂಪಿಯನ್‌ಶಿಪ್, ಎರಡನೇ ದರ್ಜೆ. ಎಲ್ಲರೂ ಇವರು ಒಂದು ವರ್ಷಕ್ಕೆ ವಾಪಸ್ ಅಂದ್ರು.

ವಾಪಸ್ ಹೋಗ್ಲಿಲ್ಲ. 2021–22ರಲ್ಲಿ ಚಳಿಗಾಲದಲ್ಲಿ ಟಾಪ್‌ಗೆ ಹೋದೋರು ವಸಂತದವರೆಗೂ ಇಳೀಲಿಲ್ಲ. ಮೈಕಲ್ ಮೆಕೆನ್ನಾ ಮಿಡ್‌ಫೀಲ್ಡಿಂದ ಬಂದು ಗೋಲ್ ಮೇಲೆ ಗೋಲ್. ಕೊನೆಗೆ ಏಪ್ರಿಲ್ 22, ಶುಕ್ರವಾರ ರಾತ್ರಿ, ಅಷ್ಟರಲ್ಲಿ ಟಾಪ್‌ಗೆ ಬಂದಿದ್ದ ಕಿಲ್ಮಾರ್ನಾಕ್‌ನ ಗ್ರೌಂಡ್ ರಗ್ಬಿ ಪಾರ್ಕು. ಆರ್ಬ್ರೋತ್ ಗೆದ್ರೆ ಮತ್ತೆ ಟಾಪ್, ಅದಾದ್ಮೇಲೆ ಉಳಿಯೋದು ಒಂದೇ ಮ್ಯಾಚು. 1–0 ಲೀಡ್ ಕೂಡ ಇತ್ತು ಗುರು!! ಸಮ ಆಯ್ತು, ಆಮೇಲೆ ಮುಗಿಯೋಕೆ ಸ್ವಲ್ಪ ಮುಂಚೆ ಬ್ಲೇರ್ ಆಲ್‌ಸ್ಟನ್ ಹೊಡ್ದ, 2–1, ಜನ ಮೈದಾನಕ್ಕೆ ನುಗ್ಗಿದ್ರು. ಸೀಸನ್ ಮುಗಿದಾಗ ಕಿಲ್ಮಾರ್ನಾಕ್ 67, ಆರ್ಬ್ರೋತ್ 65.

ಸೋಮೇಶ್ವರ_ಸ್ಟ್ರೈಕರ್
ಎರಡೇ ಪಾಯಿಂಟಾ 😭 ಪ್ಲೇಆಫ್ ಇರ್ಬೇಕಲ್ಲ ಆದ್ರೆ?

ಡಂಡೀ_ಕನ್ನಡತಿ
ಇತ್ತು, ಇನ್ವರ್ನೆಸ್ ಜೊತೆ ಸೆಮಿಫೈನಲ್. ಅಲ್ಲಿ 0–0, ಗೇಫೀಲ್ಡ್‌ನಲ್ಲೂ 0–0. ಗೇಫೀಲ್ಡ್‌ನ ಮ್ಯಾಚಲ್ಲಿ ಇನ್ವರ್ನೆಸ್‌ನ ಇಬ್ಬರಿಗೆ ರೆಡ್ ಕಾರ್ಡ್, ಒಂಬತ್ತೇ ಜನ ಉಳಿದಿದ್ರು, ಆದ್ರೂ ಒಂದು ಗೋಲ್ ಹಾಕೋಕಾಗ್ಲಿಲ್ಲ, ಪೆನಾಲ್ಟಿಯಲ್ಲಿ 5–3 ಸೋಲು. ನನ್ನ ಜೊತೆ ಕೆಲ್ಸ ಮಾಡೋರೊಬ್ರು ಆರ್ಬ್ರೋತ್ ಊರಿನೋರು, ಮರುದಿನ ಆಫೀಸಲ್ಲಿ ಯಾರ ಹತ್ರನೂ ಮಾತಾಡ್ಲಿಲ್ಲ, ಟೀ ಕೊಟ್ರೆ ತಗೊಂಡು ಥ್ಯಾಂಕ್ಸ್ ಅಷ್ಟೇ.

ಲೆಕ್ಕದ_ಮೇಷ್ಟ್ರು
ಮಂಜ, ಸೀಸನ್ ದೊಡ್ಡದು ಒಪ್ತೀನಿ. ಆದ್ರೆ 36–0 ಆ ಕ್ಲಬ್‌ಗೆ ಅನ್ಯಾಯ ಮಾಡಿದೆ ಅನ್ನೋ ನಿಮ್ಮ ಧಾಟಿ ನಂಗೆ ಹಿಡಿಸಲ್ಲ. ಆ ಸ್ಕೋರ್ ಇಲ್ದೇ ಇದ್ರೆ ನಾವ್ಯಾರೂ ಆ ಊರಿನ ಹೆಸರೇ ಕೇಳ್ತಿರ್ಲಿಲ್ಲ. ಆಂಗಸ್‌ನಲ್ಲಿ ಫಾರ್ಫರ್ ಇದೆ, ಮಾಂಟ್ರೋಸ್ ಇದೆ, ಬ್ರೀಕಿನ್ ಇದೆ, ಎಲ್ಲಾ ನೂರು ವರ್ಷ ದಾಟಿದ ಕ್ಲಬ್ಬುಗಳೇ. ಅವುಗಳ ಬಗ್ಗೆ ಇಲ್ಲಿ ಥ್ರೆಡ್ ಎಲ್ಲಿದೆ?

ಮಿಡ್‌ಫೀಲ್ಡ್_ಮಂಜ
ಅದು ನ್ಯಾಯವಾದ ಪ್ರಶ್ನೆ ಮೇಷ್ಟ್ರೇ, ಆದ್ರೂ ನಾನು ಬಿಡಲ್ಲ. 36–0 ಆಗಿದ್ದು ಎದುರಾಳಿ ಬಡಪಾಯಿ ಆಗಿದ್ದಕ್ಕೆ. 65 ಪಾಯಿಂಟ್ ಬಂದಿದ್ದು ಎದುರಾಳಿಗಳು ಬಲವಾಗಿದ್ರೂ. ಎರಡನ್ನೂ ಒಂದೇ ತಕ್ಕಡೀಲಿ ಹೆಂಗ್ ತೂಗ್ತೀರಾ?

ಧಾರವಾಡ_ಡಿಫೆಂಡರ್
ನನಗ ಒಂದ ತಿಳೀವಲ್ದು. ಅಷ್ಟ ಹತ್ರ ಹೋಗಿದ್ರು ಅಂದ್ಮ್ಯಾಲ ಫುಲ್‌ಟೈಮ್ ಯಾಕ ಆಗ್ಲಿಲ್ಲ? ರೊಕ್ಕ ಹಾಕವ್ರು ಸಿಗ್ಲಿಲ್ಲೇನು?

ಡಂಡೀ_ಕನ್ನಡತಿ
ರೊಕ್ಕ ಹಾಕೋರು ಬಂದ್ರೆ ಏನಾಗುತ್ತೆ ಅಂತ ಸ್ಕಾಟ್ಲೆಂಡ್ ನೋಡಿದೆ ಅಣ್ಣಾ. ಗ್ರೆಟ್ನಾ ಅಂತ ಇಂಗ್ಲೆಂಡ್ ಗಡಿಯ ಪುಟ್ಟ ಊರು, ಒಬ್ಬ ಶ್ರೀಮಂತರ ದುಡ್ಡಲ್ಲಿ ಮೂರು ವರ್ಷ ಸತತ ಪ್ರಮೋಷನ್, 2006ರಲ್ಲಿ ಸ್ಕಾಟಿಷ್ ಕಪ್ ಫೈನಲ್, 2007ರಲ್ಲಿ ಪ್ರೀಮಿಯರ್ ಲೀಗು. ಅವರಿಗೆ ಹುಷಾರು ತಪ್ತು, ದುಡ್ಡು ನಿಂತ್ತು, 2008ರಲ್ಲಿ ಕ್ಲಬ್ಬೇ ಇಲ್ಲ. ಆರ್ಬ್ರೋತ್‌ನೋರು ಇದನ್ನೆಲ್ಲ ಕಣ್ಣಾರೆ ನೋಡಿದೋರು. ಇನ್ನೊಂದು ವಿಷ್ಯ, ಆಡೋ ಹುಡುಗರಿಗೂ ಪಾರ್ಟ್‌ಟೈಮ್ ಲೆಕ್ಕ ಸರಿಹೋಗುತ್ತೆ. ಮೂವತ್ತು ದಾಟಿದೋನಿಗೆ ಒಳ್ಳೇ ಕೆಲ್ಸ ಇರುತ್ತೆ, ಅದರ ಮೇಲೆ ಫುಟ್‌ಬಾಲ್ ದುಡ್ಡು. ಒಂದು ವರ್ಷದ ಫುಲ್‌ಟೈಮ್ ಕಾಂಟ್ರಾಕ್ಟ್‌ಗೆ ಅದನ್ನ ಬಿಟ್ಟು ಬಂದು, ಮುಂದಿನ ವರ್ಷ ಟೀಮ್ ಕೆಳಗೆ ಹೋದ್ರೆ ಏನ್ ಮಾಡ್ತಾನೆ? ಕ್ಯಾಂಬೆಲ್ ಟೀಮ್ ಕಟ್ಟಿದ್ದೇ ಅಂಥ ಅನುಭವಸ್ಥರನ್ನ ಇಟ್ಕೊಂಡು.

ಸುಮ್ನೆ_ಓದೋನು
ಈಗ ಎಲ್ಲಿದಾರೆ? ಕ್ಯಾಂಬೆಲ್ ಇದಾರಾ ಇನ್ನೂ?

ಮಿಡ್‌ಫೀಲ್ಡ್_ಮಂಜ
ಇಲ್ಲ, 2023ರ ನವೆಂಬರ್‌ನಲ್ಲಿ ಬಿಟ್ರು. 2024ರಲ್ಲಿ ಟೀಮ್ ಲೀಗ್ ಒನ್‌ಗೆ ಇಳೀತು. ನಾನು ಮುಗೀತು ಇವರ ಕಥೆ ಅಂದ್ಕೊಂಡೆ, ಆದ್ರೆ ಡೇವಿಡ್ ಗೋಲ್ಡ್, ಕಾಲಿನ್ ಹ್ಯಾಮಿಲ್ಟನ್ ಅಂತ ಟೀಮಲ್ಲೇ ಆಡ್ತಿದ್ದ ಇಬ್ರಿಗೆ ಜವಾಬ್ದಾರಿ ಕೊಟ್ರು, 2025ರಲ್ಲಿ ಲೀಗ್ ಒನ್ ಗೆದ್ದು ವಾಪಸ್ ಚಾಂಪಿಯನ್‌ಶಿಪ್. 133 ವರ್ಷಕ್ಕೆ ಒಂದು ಟ್ರೋಫಿ ಇತ್ತಲ್ಲ, ಅದಾದ ಮೇಲಿನ ಹದಿನಾಲ್ಕು ವರ್ಷದಲ್ಲಿ ಇನ್ನೂ ಮೂರು.

ಸೋಮೇಶ್ವರ_ಸ್ಟ್ರೈಕರ್
ಅಕ್ಕಾ ಮುಂದಿನ ವರ್ಷ ಆಫೀಸ್ ಕೆಲಸಕ್ಕೆ ಎಡಿನ್‌ಬರಾಗೆ ಬರುವುದುಂಟು. ಒಂದು ಶನಿವಾರ ಗೇಫೀಲ್ಡ್‌ಗೆ ಹೋಗ್ಬೇಕಂದ್ರೆ ಹೇಗೆ?

ಡಂಡೀ_ಕನ್ನಡತಿ
ಅಬರ್ಡೀನ್ ಕಡೆ ಹೋಗೋ ಟ್ರೈನ್ ಹತ್ತಿ, ಡಂಡೀ ಆದ್ಮೇಲೆ ಇಪ್ಪತ್ತು ನಿಮಿಷದ ಹತ್ತಿರ ಅಷ್ಟೇ. ಬಲಗಡೆ ಕಿಟಕಿ ಸೀಟ್ ಹಿಡೀರಿ, ಸಮುದ್ರ ಆ ಕಡೆ. ಸ್ಟೇಷನ್ನಿಂದ ನಡ್ಕೊಂಡೇ ಹೋಗ್ಬಹುದು. ಮ್ಯಾಚ್ ಸಾಮಾನ್ಯವಾಗಿ ಮೂರು ಗಂಟೆಗೆ, ಬೆಳಗ್ಗೆನೇ ಬನ್ನಿ, ಅಬ್ಬೆ (ಹಳೇ ಕ್ರೈಸ್ತ ಮಠ) ನೋಡಿ, ಬಂದರಿನ ಹತ್ರ ಸ್ಮೋಕಿ ತಿನ್ನಿ. ಡಿಸೆಂಬರ್ ಜನವರೀಲಿ ಬರೋದಾದ್ರೆ ಎರಡು ಜೊತೆ ಸಾಕ್ಸ್ ಹಾಕ್ಕೊಳ್ಳಿ, ಛತ್ರಿ ತರ್ಬೇಡಿ, ಮುರಿದೋಗುತ್ತೆ.

ಧಾರವಾಡ_ಡಿಫೆಂಡರ್
ಛತ್ರಿ ಮುರಿತೈತಿ ಅಂದ್ರ ಆ ಗೋಲಿ ಮಿಲ್ನ್ ಹೆಂಗ್ ನಿಂತಿದ್ರೀ ಛತ್ರಿ ಕೆಳಗ? ಮೇಷ್ಟ್ರ, ನಿಮ್ಮ ಕಥೀನ ಮೊದಲು ಚೆಕ್ ಮಾಡ್ರಿ 😂

ಲೆಕ್ಕದ_ಮೇಷ್ಟ್ರು
ಕಥೆ ಅಂತಲೇ ಹೇಳಿದ್ದೆ ಸ್ವಾಮೀ, ಮೇಲೆ ಹೋಗಿ ಇನ್ನೊಂದ್ಸಲ ಓದಿ. ಮಳೆ ಇತ್ತು ಅಂದೆ, ಗಾಳಿ ಇತ್ತು ಅಂತ ಎಲ್ಲಂದೆ?